ಲಿಬ್ರಾದಾ ಹುಡುಕಿದ ಬಯಲಿನ ಮುಳ್ಳು

ಊರಿಗೆಲ್ಲ ಅತ್ತೆಯಾದ ತೀಯಾ ಲಿಬ್ರಾದಾ ಯಾವುದೋ ಘೋರ ಪಾಪಕ್ಕೆ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದಾಳೆ ಎಂದು ನಾನು ಒಂದಿಡೀ ಬೇಸಿಗೆ ನಂಬಿದ್ದೆ. ನಾನೊಬ್ಬನೇ ಅಲ್ಲ, ಎಲ್ ಸೌಸ್ ಎಂಬ ನಮ್ಮ ಊರಿಗೆ ಊರೇ ನಂಬಿತ್ತು. ನಂಬದೆ ಇರುವುದಾದರೂ ಹೇಗೆ? ದಿನ ಬೆಳಗಾದರೆ ಆ ಮುದುಕಿ ಕಪ್ಪು ಶಾಲು ಹೊದ್ದುಕೊಂಡು ಬೆಟ್ಟದ ಬುಡದ ಇಳಿಜಾರು ಹತ್ತುವಳು. ಒಂದು ಮುಳ್ಳುಗಿಡದ ಮುಂದೆ ಮಂಡಿಯೂರಿ ಕೂರುವಳು. ಬರಿಗೈಯ ಬೆರಳುಗಳನ್ನು ಅದರ ಎಲೆಯ ಮೇಲೆ ಒತ್ತಿ ಹಿಡಿಯುವಳು. ತುಸು ಹೊತ್ತಿಗೆ ತಲೆ ಅಲ್ಲಾಡಿಸಿ ಎದ್ದು, ಪಕ್ಕದ ಗಿಡಕ್ಕೆ ಹೋಗಿ ಅಲ್ಲೂ ಅದನ್ನೇ ಮಾಡುವಳು. ಸಂಜೆ ಅಂಗಡಿಯಲ್ಲಿ ಹಿಟ್ಟು ಕೊಳ್ಳುವಾಗ ನೋಡಿದರೆ ಬೆರಳ ತುದಿಯೆಲ್ಲ ಕೆಂಪು ಚುಕ್ಕಿ.

ನಮ್ಮ ಸೀಮೆಯಲ್ಲಿ ಮೈಗೆ ಮುಳ್ಳು ಚುಚ್ಚಿಕೊಳ್ಳುವವರನ್ನು ಕಂಡರೆ ಏಕೆ ಎಂದು ಯಾರೂ ಕೇಳುವುದಿಲ್ಲ. ಯಾವ ಪಾಪಕ್ಕೆ ಎಂದು ಊಹಿಸುತ್ತಾರೆ. ಈಸ್ಟರಿಗೆ ಮುಂಚಿನ ಪವಿತ್ರ ವಾರದಲ್ಲಿ ನಮ್ಮ ಚರ್ಚಿನ ಸೋದರ ಮಂಡಳಿಯವರು ಬೆನ್ನಿಗೆ ಚಾವಟಿ ಬಾರಿಸಿಕೊಳ್ಳುತ್ತ ಗುಡ್ಡ ಹತ್ತುವುದನ್ನು ನೋಡಿ ಬೆಳೆದವರು ನಾವು. ಹಾಗಾಗಿ ಊಹೆಗಳಿಗೆ ಬರವಿರಲಿಲ್ಲ. ತೀರಿಹೋದ ಗಂಡ ಸೆಲೆದೋನಿಯೊ ಆಡುತ್ತಿದ್ದ ಇಸ್ಪೀಟಿನ ಪಾಪ ಕಳೆಯುತ್ತಿದ್ದಾಳೆ ಎಂದರು ಕೆಲವರು. ಹರೆಯದಲ್ಲಿ ಪಕ್ಕದವರ ಸರದಿಯಲ್ಲಿ ಕಾಲುವೆಯ ನೀರು ತಿರುಗಿಸಿಕೊಂಡಿರಬೇಕು ಎಂದರು ಇನ್ನು ಕೆಲವರು. ನೀರು ಕದಿಯುವುದು ನಮ್ಮಲ್ಲಿ ಕೊಲೆಗಿಂತ ತುಸುವೇ ಕಡಿಮೆ.

ಆ ಗಿಡದ ಹೆಸರೂ ನಮ್ಮ ಮೂಢತನಕ್ಕೆ ಒತ್ತಾಸೆಯಾಯಿತು. ಅದನ್ನು ಕಾರ್ಡೊ ಸಾಂತೊ ಎನ್ನುತ್ತೇವೆ; ಪವಿತ್ರ ಮುಳ್ಳು ಎಂದರ್ಥ. ನಿಜವಾಗಿ ಅದು ಗಸಗಸೆಯ ಬಳಗದ ಕಾಡುಗಿಡ. ಪವಿತ್ರತೆ ಎಲ್ಲಿದೆಯೋ ನನಗಿನ್ನೂ ಸಿಕ್ಕಿಲ್ಲ, ಮುಳ್ಳು ಮಾತ್ರ ಕಾಂಡದಲ್ಲಿ, ಎಲೆಯಲ್ಲಿ, ಮೊಗ್ಗಿನಲ್ಲಿ, ಕಾಯಿಯಲ್ಲಿ ಎಲ್ಲ ಕಡೆ ಸಿಕ್ಕಿದೆ. ಹೂವು ಒಂದೇ ಅದಕ್ಕಿರುವ ಸೌಜನ್ಯ. ಅಂಗೈ ಅಗಲದ ಬಿಳಿ ಹೂವು. ಯಾರೋ ತೆಳು ಕಾಗದವನ್ನು ಮುದುರಿ ಎಸೆಯಲು ಹೋಗಿ, ಮನಸ್ಸು ಬದಲಿಸಿ ಬಿಡಿಸಿಟ್ಟ ಹಾಗೆ ಸುಕ್ಕುಸುಕ್ಕು. ನಡುವೆ ಹಳದಿ ಕೇಸರದ ಗೊಂಚಲು. ಕಿತ್ತು ಮನೆಗೆ ಒಯ್ಯೋಣವೆಂದರೆ ದಾರಿಯಲ್ಲೇ ದಳ ಉದುರಿಸಿಬಿಡುತ್ತದೆ. ಕುರಿಯಾಗಲಿ ದನವಾಗಲಿ ಅದನ್ನು ಮೂಸುವುದಿಲ್ಲ.

ಲಿಬ್ರಾದಾಳ ಈ ಹೊಸ ಕೀರ್ತಿಯಿಂದ ನಿದ್ದೆಗೆಟ್ಟವನು ದೋನ್ ಬೆಲಾರ್ಮಿನೊ. ಆತ ನಮ್ಮ ಕಾಲುವೆಯ ಮೇಲ್ವಿಚಾರಕ, ಸೋದರ ಮಂಡಳಿಯ ಹಿರಿಯ, ಸ್ಮಶಾನದ ಬಾಗಿಲಿನ ಕೀಲಿ ಇಟ್ಟುಕೊಂಡವನು. ಇಷ್ಟೂ ಹುದ್ದೆ ಒಬ್ಬನಿಗೇ ಬಂದದ್ದು ಬೇರೆ ಯಾರಿಗೂ ಅವು ಬೇಡವಾಗಿದ್ದರಿಂದ. ಆತ ಅದನ್ನು ಇನ್ನೊಂದು ಥರ ಅರ್ಥ ಮಾಡಿಕೊಂಡಿದ್ದ. ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತು, ಎದುರಿಗೆ ಮಹಾಸಭೆ ನೆರೆದಿದೆ ಎಂಬಂತೆ ಹೇಳುತ್ತಿದ್ದ: "ಪ್ರಾಯಶ್ಚಿತ್ತಕ್ಕೆ ಒಂದು ಕ್ರಮ ಅಂತ ಇದೆ. ಮಂಡಳಿಗೆ ತಿಳಿಸದೆ, ಜುಲೈ ತಿಂಗಳಲ್ಲಿ, ತಮ್ಮಿಷ್ಟಕ್ಕೆ ತಾವು ಚುಚ್ಕೊಂಡ್ರೆ ಅದು ಲೆಕ್ಕಕ್ಕೆ ಬರಲ್ಲ."

ಒಂದು ಮಧ್ಯಾಹ್ನ ಮೋಡ ಕಟ್ಟಿ ಗುಡುಗುತ್ತಿದ್ದಾಗ ಇಳಿಜಾರಿನ ಕೆಳಗೆ ಪಿಕಪ್ ನಿಲ್ಲಿಸಿ ಆಕೆಯನ್ನು ಹತ್ತಿಸಿಕೊಂಡೆ. ಸಂತಳೊಬ್ಬಳು ಪಕ್ಕದಲ್ಲಿ ಕೂತಿರುವಾಗ ಅವಕಾಶ ಕಳೆದುಕೊಳ್ಳಬಾರದಲ್ಲ.

"ತೀಯಾ, ನಿಮ್ಮ ಪ್ರಾರ್ಥನೇಲಿ ನನ್ನನ್ನೂ ಒಂಚೂರು ಸೇರಿಸ್ಕೊಳ್ಳಿ," ಎಂದೆ.

"ಯಾವ ಪ್ರಾರ್ಥನೆ?"

"ಅದೇ, ಮುಳ್ಳಿಂದು. ಪ್ರಾಯಶ್ಚಿತ್ತ."

"ಹಾಗಂತ ಯಾರು ಹೇಳಿದ್ದು? ಬೆಲಾರ್ಮಿನೊನಾ?"

"ಊರೇ ಹೇಳ್ತಿದೆ."

"ಏನ್ ಪಾಪ ಅಂತೆ?"

ಕಾಲುವೆಯ ವಿಷಯ ಎತ್ತಲು ಧೈರ್ಯ ಸಾಲದೆ, "ಸೆಲೆದೋನಿಯೊ ಮಾವನ ಇಸ್ಪೀಟಂತೆ," ಎಂದೆ.

"ಅವನ ಇಸ್ಪೀಟಿಗೆ ನನ್ನ ಬೆರಳು ಯಾಕೆ ಚುಚ್ಕೊಳ್ಳಲಿ? ಎಲೆ ಹಾಕಿದ್ದು ಅವನ ಕೈ." ಆಕೆ ಬೆರಳುಗಳನ್ನು ಶಾಲಿಗೆ ಒರೆಸಿಕೊಂಡಳು. ಕಿಟಕಿಯ ಕಡೆ ಮುಖ ತಿರುಗಿಸಿ, ಕಳೆದುಹೋದ ಕುರಿಯ ಮಾತು ಆಡುವಷ್ಟೇ ಸಾಧಾರಣವಾಗಿ ಅಂದಳು: "ನಾನು ನನ್ನ ಮಗನ್ನ ಹುಡುಕ್ತಿದ್ದೀನಿ ಕಣೋ."

ಆಕೆಗೆ ಮಕ್ಕಳಿರಲಿಲ್ಲ ಎಂದೇ ನಾನು ತಿಳಿದಿದ್ದೆ. ಪಿಕಪ್ಪನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದೆ. ಮಳೆ ಬಂತು, ಹೋಯಿತು. ಅಷ್ಟರಲ್ಲಿ ಆಕೆ ಹೇಳಿ ಮುಗಿಸಿದ್ದಳು.

ಮದುವೆಯಾದ ಎರಡನೆಯ ಚಳಿಗಾಲ. ಸೆಲೆದೋನಿಯೊ ಕುರಿಗಳ ಜೊತೆ ಕೆಳಗಿನ ಬಯಲಿನಲ್ಲಿದ್ದ. ಹಿಮ ಬಿದ್ದು ದಾರಿ ಮುಚ್ಚಿತ್ತು, ಸೂಲಗಿತ್ತಿಗೆ ಹೇಳಿ ಕಳಿಸಲು ಮನೆಯಲ್ಲಿ ಬೇರೆ ಜೀವವಿರಲಿಲ್ಲ. ಮಗು ಹೊತ್ತಿಗೆ ಮುಂಚೆ ಬಂತು. ಗಂಡು. ಉಸಿರಾಡುತ್ತಿತ್ತು, ಆದರೆ ಉಳಿಯುವ ಉಸಿರಲ್ಲ ಎಂದು ಆಕೆಗೆ ಗೊತ್ತಾಯಿತು.

ಪಾದ್ರಿ ಇಲ್ಲದ ಹೊತ್ತಿನಲ್ಲಿ ಸಾಯುವ ಕೂಸಿಗೆ ಯಾರು ಬೇಕಾದರೂ ನಾಲ್ಕು ಹನಿ ನೀರು ಹಾಕಿ, ಹೆಸರಿಟ್ಟು, ಎರಡು ಮಾತು ಹೇಳಿದರೆ ಸಾಕು, ಅದು ದೇವದೂತನಾಗಿ ಹೋಗುತ್ತದೆ. ಅದಕ್ಕೆ ಆಪತ್ತಿನ ನೀರು ಎನ್ನುತ್ತೇವೆ. ಆ ಮಾತುಗಳು ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ; ಓದು ಬಾರದವರಿಗೂ ಬರುತ್ತವೆ, ಕುಡುಕರಿಗೂ ಬರುತ್ತವೆ.

"ನೀರಿನ ಬಕೀಟು ಬಾಗಿಲ ಹತ್ರ ಮಣೆ ಮೇಲಿತ್ತು," ಎಂದಳು ಲಿಬ್ರಾದಾ. "ಮಂಚದಿಂದ ಕಾಣ್ತಿತ್ತು. ಏಳಕ್ಕೆ ಆಗ್ಲಿಲ್ಲ. ಕೆಳಗೆ ಬಿದ್ದು ತೆವಳ್ಕೊಂಡು ಹೋದೆ. ಮುಟ್ಟಿದೆ. ಮೇಲೆಲ್ಲ ಐಸು ಕಟ್ಟಿತ್ತು. ಮುಷ್ಟೀಲಿ ಹೊಡೆದೆ, ಒಡೀಲಿಲ್ಲ. ಹೊಡೀತಾ ಇರೋವಾಗ್ಲೇ ಮಗು ಸುಮ್ಮನಾಯ್ತು."

ನೀರು ಬೀಳದ ಮಗುವಿಗೆ ಹೆಸರಿಲ್ಲ. ಹೆಸರಿಲ್ಲದ ಮಗುವಿಗೆ, ಆಗಿನ ಕಟ್ಟಳೆಯಂತೆ, ಪವಿತ್ರ ನೆಲದಲ್ಲಿ ಜಾಗವಿಲ್ಲ. ಸೆಲೆದೋನಿಯೊ ಹಿಂದಿರುಗಿದವನು ಕಾಫಿ ಬರುವ ಮರದ ಪೆಟ್ಟಿಗೆಯಲ್ಲಿ ಮಗುವನ್ನಿಟ್ಟು ಸ್ಮಶಾನದ ಬಾಗಿಲವರೆಗೂ ಹೋಗಿ, ಅಲ್ಲಿಂದ ತಿರುಗಿ ಬಂದು, ಇಳಿಜಾರಿನ ಒಂದು ಜುನಿಪರ್ ಮರದ ಬುಡದಲ್ಲಿ ಹೂತ. ಶಿಲುಬೆ ನೆಡುವಂತಿರಲಿಲ್ಲ. ಕಲ್ಲು ಜೋಡಿಸಿದರು, ಅದನ್ನು ಯಾರೋ ಕುರಿದೊಡ್ಡಿಯ ಗೋಡೆಗೆ ಒಯ್ದರು. ವಸಂತದಲ್ಲಿ ಊರ ಕುರಿಗಳೆಲ್ಲ ಬೆಟ್ಟಕ್ಕೆ ಹತ್ತುವುದು ಅದೇ ದಾರಿ. ಸಾವಿರಾರು ಗೊರಸು ತನ್ನ ಮಗುವಿನ ಮೇಲೆ ಹಾಯುವುದನ್ನು ಆಕೆ ಒಂದು ವರ್ಷ ನೋಡಿದಳು. ಮರುವರ್ಷ ಬಯಲಿನ ತವರಿಗೆ ಹೋದಾಗ ಅಲ್ಲಿನ ಕಾರ್ಡೊ ಸಾಂತೊ ಕಾಯಿಗಳನ್ನು ಒಡೆದು, ಬೀಜವನ್ನು ಮುಂಗೈ ತುಂಬ ಮುಳ್ಳು ಚುಚ್ಚಿಸಿಕೊಂಡು ಮಡಿಲಲ್ಲಿ ಕಟ್ಟಿ ತಂದು ಆ ಮಣ್ಣಿನ ಮೇಲೆ ಚೆಲ್ಲಿದಳು. ಗಿಡ ಎದ್ದು ನಿಂತಿತು. ಕುರಿಗಳು ಬಳಸಿಕೊಂಡು ಹೋದವು.

"ಇಲ್ಲೇ ಬೆಟ್ಟದ ಬುಡದಲ್ಲೂ ಬೇಕಾದಷ್ಟು ಇತ್ತಲ್ಲ, ಅಲ್ಲಿಂದ ಯಾಕೆ ತಂದ್ರಿ?" ಎಂದೆ.

"ಆಗ ಇಲ್ಲಿ ಇರ್ಲಿಲ್ಲ. ಇದೆಲ್ಲ ಬೆಂಕಿ ಬಿದ್ದ ಮೇಲೆ ಬಂದಿದ್ದು."

ಅದೇ ತೊಂದರೆ. ಗಂಡ ಹೆಂಡತಿ ಬೀಟ್‌ರೂಟ್ ಹೊಲದ ಕೂಲಿಗೆ ಉತ್ತರಕ್ಕೆ ಹೋಗಿ ಬಹಳ ವರ್ಷ ಅಲ್ಲೇ ಉಳಿದರು. ಆ ನಡುವೆ ಇಳಿಜಾರಿಗೆ ಬೆಂಕಿ ಬಿದ್ದು ಗುರುತಿನ ಮರ ಸುಟ್ಟುಹೋಯಿತು. ಬೋಳಾದ ನೆಲಕ್ಕೆ ಮೇಲಿನಿಂದ ಬೆಟ್ಟದ ಜಾತಿಯ ಕಾರ್ಡೊ ಸಾಂತೊ ಇಳಿದು ಬಂದು ಇಡೀ ಇಳಿಜಾರನ್ನು ಆವರಿಸಿತು. ಆಕೆ ವಿಧವೆಯಾಗಿ ಹಿಂದಿರುಗಿ ನೋಡಿದರೆ ಎಲ್ಲೆಲ್ಲೂ ಬಿಳಿ ಹೂವು. ಬಯಲಿನದಕ್ಕೂ ಬೆಟ್ಟದ್ದಕ್ಕೂ ಹೂವಿನಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಎಲೆಯಲ್ಲಿ. ಬೆಟ್ಟದ ಗಿಡಕ್ಕೆ ಎಲೆಯ ಮೇಲ್ಮೈ ತುಂಬ ಮುಳ್ಳು, ನರದ ಮೇಲೂ, ನರಗಳ ನಡುವೆಯೂ, ಗಡ್ಡ ಬೋಳಿಸದ ಕೆನ್ನೆಯ ಹಾಗೆ. ಬಯಲಿನದಕ್ಕೆ ಅಂಚಿನಲ್ಲಿ, ಹಿಂಬದಿಯ ನರಗಳಲ್ಲಿ ಮುಳ್ಳಿದ್ದರೂ ಮೇಲ್ಮೈ ನುಣುಪು. ಇಳಿಜಾರಿನಲ್ಲಿ ಎಲ್ಲಿಯಾದರೂ ಬಯಲಿನ ಗಿಡ ಉಳಿದಿದ್ದರೆ ಅದು ಆಕೆ ಚೆಲ್ಲಿದ ಬೀಜದ ಸಂತಾನವೇ ಆಗಬೇಕು.

"ನೋಡಿದ್ರೇ ಗೊತ್ತಾಗಲ್ವಾ? ಮುಟ್ಟೇ ನೋಡಬೇಕಾ?"

"ಕಣ್ಣಿಗೆ ಪೊರೆ ಬಂದಿದೆ. ಹೂವೂ ಬೆಳ್ಳಗೆ, ಮೋಡಾನೂ ಬೆಳ್ಳಗೆ. ಈಗ ನಿನ್ನ ಮುಖಾನೂ ಬೆಳ್ಳಗೆ."

ಅಷ್ಟು ವರ್ಷ ಬಿಟ್ಟು ಈ ಬೇಸಿಗೆಯೇ ಏಕೆ ಎಂದರೆ, ಅದಕ್ಕೆ ಕಾರಣ ಹೊಸ ಪಾದ್ರಿ. ಪಾದ್ರೆ ಎಲೀಹಿಯೊ ಚಿಕ್ಕ ವಯಸ್ಸಿನವರು, ನಗರದವರು, ಗಿಟಾರ್ ನುಡಿಸುತ್ತಿದ್ದರು ಎಂಬ ಕಾರಣಕ್ಕೆ ಬೆಲಾರ್ಮಿನೊ ಅವರನ್ನು ಪೂರ್ತಿ ಪಾದ್ರಿ ಎಂದು ಒಪ್ಪಿರಲಿಲ್ಲ. ಲಿಬ್ರಾದಾ ಪಾಪನಿವೇದನೆಯಲ್ಲಿ ಬಕೀಟಿನ ಕಥೆ ಹೇಳಿದಾಗ ಅವರು, ಈಗ ಕಟ್ಟಳೆ ಸಡಿಲವಾಗಿದೆ ತಾಯಿ, ಎಲ್ಲಿದ್ದಾನೆಂದು ತೋರಿಸಿ, ಒಳಗೆ ತರೋಣ ಎಂದರಂತೆ. ಆದರೆ ನವೆಂಬರಿನ ಸಕಲ ಸಂತರ ಹಬ್ಬಕ್ಕೆ ಅವರಿಗೆ ವರ್ಗ. ಮುಂದಿನ ಪಾದ್ರಿ ಎಂಥವರೋ. ಅದಕ್ಕೂ ಮುಂಚೆ, ಆಗಸ್ಟ್ ಕಳೆದರೆ ಗಿಡಗಳು ಒಣಗಿ, ಎಲೆ ಪುಡಿಯಾಗಿ, ಎರಡೂ ಜಾತಿ ಒಂದೇ ಆಗಿಬಿಡುತ್ತವೆ. ಮರುವರ್ಷಕ್ಕೆ ಕಣ್ಣಂತೂ ಇರುವುದಿಲ್ಲ, ಗುಡ್ಡ ಹತ್ತುವ ಕಾಲು ಇರುತ್ತದೆಂದು ಹೇಳುವವರು ಯಾರು?

"ಊರಿಗೆ ಹೇಳಿದ್ರೆ ಎಲ್ರೂ ಬಂದು ಹುಡುಕ್ತಿದ್ರಲ್ಲ ತೀಯಾ."

"ಹೇಳಿದ್ರೆ, ನೀರು ಹಾಕದೆ ಮಗು ಸಾಯಿಸಿದೋಳು ಅನ್ನಲ್ವಾ? ಇಸ್ಪೀಟೇ ವಾಸಿ."

ನನಗೇ ಹೇಳಿದ್ದು ಹೇಗೆ ಎಂದರೆ, ಗುಡುಗಿಗೆ ಹೆದರಿದ್ದಳು ಎಂದು ಕಾಣುತ್ತದೆ. ಊರಿಗೆ ಹೇಳಲೇ ಎಂದು ಕೇಳಿದೆ. ಆಕೆ ಒಣಗುತ್ತಿರುವ ಗಿಡಗಳ ಲೆಕ್ಕ ಹಾಕುತ್ತಿದ್ದಳು. ಕೊನೆಗೆ, "ಬೆಲಾರ್ಮಿನೊಗೆ ಮಾತ್ರ ನೀನೇ ಹೇಳು. ನನ್ನ ಕೈಲಾಗಲ್ಲ," ಎಂದಳು.

ಬೆಲಾರ್ಮಿನೊ ಪೂರ್ತಿ ಕೇಳಿಸಿಕೊಂಡ. ಲಿಬ್ರಾದಾ ಸಂತಳಲ್ಲ ಎಂದು ತಿಳಿದು ಆತನಿಗೆ ಒಂದು ಗಳಿಗೆ ಸಮಾಧಾನವೇ ಆಯಿತು. ಮರುಗಳಿಗೆಯೇ ಅದಕ್ಕೆ ನಾಚಿಕೆಯೂ ಆಯಿತು. ಎರಡೂ ಮುಖದಲ್ಲಿ ಕಂಡವು. ಆತ ನಾಚಿಕೊಂಡಾಗ ಮಾಡುವುದು ಒಂದೇ ಕೆಲಸ, ಸಭೆ ಕರೆಯುವುದು. ಭಾನುವಾರದ ಪೂಜೆ ಮುಗಿದ ಮೇಲೆ ಮೆಟ್ಟಿಲ ಮೇಲೆ ನಿಂತು ಶೋಧನಾ ಮಂಡಳಿಯನ್ನು ಘೋಷಿಸಿದ. ಅಧ್ಯಕ್ಷ ತಾನೇ. ಸದಸ್ಯರು ಸೋದರರಲ್ಲಿ ಮಂಡಿ ಬಗ್ಗುವವರೆಲ್ಲ. ಪ್ರತಿಯೊಬ್ಬರೂ ಚರ್ಮದ ಕೈಗವಸು ತರತಕ್ಕದ್ದು.

ಹಾಗೆ ಮರುದಿನ ನಾವು ಇಳಿಜಾರಿನಲ್ಲಿ ಸಾಲಾಗಿ ನಿಂತೆವು. ಹಿಂದೆ ವಾಹತೋಯಾ ಬೆಟ್ಟದ ಅವಳಿ ಶಿಖರ, ಮುಂದೆ ಬಯಲು, ನಡುವೆ ಕೈಗವಸು ತೊಟ್ಟ ಮುದುಕರು. ಅರ್ಧ ಗಂಟೆಯೊಳಗೆ ಅಧ್ಯಕ್ಷರಿಂದ ಕೂಗು ಬಂತು: "ಸಿಕ್ತು. ಎಲ್ಲರೂ ಇದ್ದಲ್ಲೇ ಇರಿ."

ಲಿಬ್ರಾದಾಳನ್ನು ಕೈಹಿಡಿದು ಕರೆದೊಯ್ದೆ. ಆಕೆ ಗಿಡದ ಒಂದು ಟೊಂಗೆ ಮುರಿದು, ಮುರಿದ ತುದಿಯನ್ನು ಬೆರಳಿಗೆ ಒತ್ತಿಕೊಂಡಳು.

"ಹಾಲೆಲ್ಲಿ?"

"ಯಾವ ಹಾಲು?" ಎಂದ ಬೆಲಾರ್ಮಿನೊ.

"ಕಾರ್ಡೊ ಸಾಂತೊ ಮುರಿದ್ರೆ ಹಳದಿ ಹಾಲು ಬರತ್ತೆ. ಇದು ಕತ್ತೆ ತಿನ್ನೋ ಮುಳ್ಳು ಕಣಪ್ಪ."

"ಇಷ್ಟು ಕತ್ತೆಗೂ ಗೊತ್ತಿರತ್ತೆ," ಎಂದು ಸಾಲಿನಿಂದ ಯಾರೋ ಗೊಣಗಿದರು.

ಬೆಲಾರ್ಮಿನೊ ಅದನ್ನು ಕೇಳಿಸಿಕೊಳ್ಳಲಿಲ್ಲ, ಅಥವಾ ಅಧ್ಯಕ್ಷರಿಗೆ ತಕ್ಕ ಹಾಗೆ ಕೇಳಿಸದವನಂತೆ ಇದ್ದ. ಲಿಬ್ರಾದಾ ಆತನ ಕೈ ಮುಟ್ಟಿ ನೋಡಿದಳು. "ಈ ಚರ್ಮ ಹಾಕ್ಕೊಂಡು ನಿಂಗೇನು ಗೊತ್ತಾಗತ್ತೆ ಬೆಲಾರ್ಮಿನೊ? ತೆಗಿ."

ಆತ ಒಂದು ಕೈಗವಸು ಬಿಚ್ಚಿದ. ಬಿಚ್ಚುತ್ತ, ನಮಗೆ ಕೇಳಿಸದಿರಲಿ ಎಂದು ದನಿ ತಗ್ಗಿಸಿ ಕೇಳಿದ: "ದೋನ್ಯಾ ಲಿಬ್ರಾದಾ, ಸೆಲೆದೋನಿಯೊ ಬಾಗಿಲವರೆಗೂ ಹೋಗಿ ತಿರುಗಿ ಬಂದ ಅಂತಾರಲ್ಲ. ಆಗ ಕೀಲಿ ಯಾರ ಹತ್ರ ಇತ್ತು?"

"ನಿಮ್ಮಪ್ಪನ ಹತ್ರ."

"ಏನಂದ್ರು ಅಪ್ಪ?"

"ಏನೂ ಅನ್ಲಿಲ್ವಂತೆ. ಟೋಪಿ ತೆಗೆದ್ರಂತೆ. ಬಾಗಿಲು ಮಾತ್ರ ತೆಗೀಲಿಲ್ಲ."

ಬೆಲಾರ್ಮಿನೊ ಇನ್ನೊಂದು ಕೈಗವಸನ್ನೂ ಬಿಚ್ಚಿ ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡ. ಆಮೇಲೆ ಆ ದಿನ ಆತ ಯಾರಿಗೂ ಅಪ್ಪಣೆ ಕೊಡಲಿಲ್ಲ. ಗಿಡದಿಂದ ಗಿಡಕ್ಕೆ ಮಂಡಿಯಲ್ಲೇ ಸಾಗುತ್ತಿದ್ದ. ಪ್ರತಿ ಎಲೆಗೂ ಒಂದು ಸಣ್ಣ ನರಳಾಟ. ಪವಿತ್ರ ವಾರದಲ್ಲಿ ಚಾವಟಿಯ ಕೆಳಗೆ ತುಟಿ ಬಿಚ್ಚದವನು ಕಾರ್ಡೊ ಸಾಂತೊ ಕೈಯಲ್ಲಿ ಮಗುವಿನ ಹಾಗೆ ಅಳುಮೋರೆ ಮಾಡಿಕೊಂಡ. ಅಂದು ಏನೂ ಸಿಗಲಿಲ್ಲ. ಮರುದಿನವೂ ಸಿಗಲಿಲ್ಲ. ಸದಸ್ಯರು ಒಬ್ಬೊಬ್ಬರಾಗಿ ಹುಲ್ಲು ಕೊಯ್ಲಿನ ನೆಪ ಹೇಳಿ ತಪ್ಪಿಸಿಕೊಂಡರು. ಮೂರನೆಯ ದಿನಕ್ಕೆ ನಾವು ಮೂವರೇ ಉಳಿದೆವು. ಕೆಳಗಿನ ಸಾಲಿನ ಗಿಡಗಳ ಎಲೆ ಆಗಲೇ ಅಂಚಿನಲ್ಲಿ ಕಂದುತ್ತಿತ್ತು. ಲಿಬ್ರಾದಾ ಅದನ್ನು ಬೆರಳಲ್ಲಿ ಪುಡಿ ಮಾಡಿ ನೋಡಿ, ಮುಂದಿನ ಗಿಡಕ್ಕೆ ಸಾಗುತ್ತಿದ್ದಳು.

ಆ ಮಧ್ಯಾಹ್ನ ಸಣ್ಣ ಹಳ್ಳವೊಂದರ ಪಕ್ಕದಿಂದ ಬೆಲಾರ್ಮಿನೊನ ಗೊಣಗು ಕೇಳಿಸಿತು. "ಇದೇನು ಗಿಡವಯ್ಯಾ, ನೆಟ್ಟಗೆ ಚುಚ್ಚೋದೂ ಗೊತ್ತಿಲ್ಲ ಇದಕ್ಕೆ."

ಲಿಬ್ರಾದಾ ಇದ್ದಲ್ಲೇ ತಲೆಯೆತ್ತಿದಳು. "ಎಲ್ಲಿ ಚುಚ್ತಿಲ್ಲ?"

"ಇಲ್ಲಿ, ಎಲೆ ಮೇಲೆ. ಕೆಳಗಡೆ ಇದೆ ಮುಳ್ಳು. ಮೇಲೆ ಬೋಳು."

ಆಕೆ ಆ ಏರಿನಲ್ಲಿ ಓಡಿದ್ದನ್ನು ನಾನು ಕಂಡೆ. ಬೇರೆ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಮಂಡಿಯೂರಿ ಎಲೆಯ ಮೇಲೆ ಅಂಗೈ ಸವರಿದಳು. ತುಸು ನೀಲಿಯ, ಮೇಣ ಬಳಿದಂಥ ಎಲೆ. ಹಿಂತಿರುಗಿಸಿ ನರಗಳನ್ನು ತಡವಿದಳು. ಟೊಂಗೆ ಮುರಿದಳು. ಹಳದಿ ಹಾಲು ಬೆರಳ ಮೇಲೆ ಇಳಿಯಿತು.

"ನಮ್ಮಪ್ಪನ ಹೊಲದ್ದು," ಎಂದಳು. ಬೆಲಾರ್ಮಿನೊ ಅಗೆಯಲು ಸಲಿಕೆ ಎತ್ತಿದ. "ತಡಿ. ಬೀಜ ಮಳೆ ನೀರಲ್ಲಿ ಕೆಳಗೆ ಬರತ್ತೆ, ಮೇಲಕ್ಕೆ ಹತ್ತಲ್ಲ. ಮೇಲೆ ಹುಡುಕು."

ಹಳ್ಳದ ಗುಂಟ ಮೇಲೆ ಹೋದೆವು. ಬೆಟ್ಟದ ಗಿಡಗಳ ಗುಂಪಿನ ನಡುವೆ ಮತ್ತೊಂದು ನುಣುಪಾದ ಗಿಡ. ಅದರ ಮೇಲೆ ಇನ್ನೊಂದು. ಕೊನೆಗೆ ಸುಟ್ಟ ಮರದ ಬೇರೊಂದು ಮಣ್ಣಿನಿಂದ ಮೊಳಕೈಯಂತೆ ಹೊರಬಂದಿದ್ದಲ್ಲಿ ಒಂದು ಗಿಡ, ಹೂವು ಉದುರಿ ಕಾಯಿ ಕಟ್ಟಿತ್ತು. ಅದರಾಚೆ ಎಷ್ಟು ಹುಡುಕಿದರೂ ಎಲ್ಲವೂ ಬೆಟ್ಟದವೇ.

ಬೆಲಾರ್ಮಿನೊ ಅಗೆದ. ನಾನು ಕೈಹಾಕಲು ಹೋದರೆ ಬಿಡಲಿಲ್ಲ. ಆಳವಿರಲಿಲ್ಲ, ಹೆಪ್ಪುಗಟ್ಟಿದ ನೆಲದಲ್ಲಿ ಸೆಲೆದೋನಿಯೊ ಎಷ್ಟು ತೋಡಿಯಾನು. ಮೊದಲು ತುಕ್ಕು ಹಿಡಿದ ಮೊಳೆಗಳು ಬಂದವು, ಪೆಟ್ಟಿಗೆಯ ಮೂಲೆಗಳಿದ್ದಲ್ಲಿ ಹಾಗೆಯೇ ಚೌಕವಾಗಿ ನಿಂತುಕೊಂಡು. ಹಲಗೆ ಇರಲಿಲ್ಲ. ನಡುವೆ ಮಣ್ಣು ಸುತ್ತಲಿನದಕ್ಕಿಂತ ಕಪ್ಪಾಗಿತ್ತು. ಅಷ್ಟೆ. ಬೇರೇನೂ ಇರಲಿಲ್ಲ. ಲಿಬ್ರಾದಾ ಆ ಕಪ್ಪು ಮಣ್ಣಿನ ಮೇಲೆ ಕೈಯಿಟ್ಟಳು, ಕೂಸಿಗೆ ಜ್ವರವಿದೆಯೇ ಎಂದು ನೋಡುವವಳ ಹಾಗೆ, ಬೆರಳ ಹಿಂಬದಿಯಿಂದ. ಬೆಲಾರ್ಮಿನೊ ಟೋಪಿ ತೆಗೆದ. ನಂತರ ಏನೋ ನೆನಪಾದವನಂತೆ ಟೋಪಿಯನ್ನು ನೋಡಿ, ಅದನ್ನು ನೆಲದ ಮೇಲೆ ಎಸೆದುಬಿಟ್ಟ.

ಆ ಮಣ್ಣನ್ನು ಆಕೆಯೇ ಬೊಗಸೆಯಿಂದ ತುಂಬಿ ಹೊಸ ಪೆಟ್ಟಿಗೆಗೆ ಹಾಕಿದಳು. ಶನಿವಾರ ಸಂಸ್ಕಾರ. ಸೋದರ ಮಂಡಳಿಗೆ ಒಂದು ಸಂದೇಹ ಬಂತು: ಯಾವ ಹಾಡು ಹಾಡುವುದು? ಕೂಸುಗಳಿಗೆ ಒಂದು ಹಾಡು, ದೊಡ್ಡವರಿಗೆ ಬೇರೆ. ತೀರಿಕೊಂಡಾಗ ಅದು ಒಂದು ಗಂಟೆಯ ಕೂಸು; ಬದುಕಿದ್ದರೆ ಈಗ ನಮ್ಮ ಮಂಡಳಿಯಲ್ಲಿ ಕೂತು ಜಗಳವಾಡುತ್ತಿದ್ದ ಐವತ್ತರ ಗಂಡಸು. ಚರ್ಚೆ ಜೋರಾಗಿ ನಡೆಯಿತು. ಕೊನೆಗೆ ಬೆಲಾರ್ಮಿನೊ ಆಕೆಯನ್ನೇ ಕೇಳಿದ.

"ಕೂಸಿಂದೇ ಹಾಡಿ," ಎಂದಳು. "ಅವನಿಗೆ ಮೀಸೆ ಬಂದಿದ್ದು ನೀವು ಯಾರೂ ನೋಡಿಲ್ಲ."

ಸ್ಮಶಾನದ ಬಾಗಿಲನ್ನು ಬೆಲಾರ್ಮಿನೊ ಬೆಳಿಗ್ಗೆಯೇ ಕೀಲುಗಳಿಂದ ಬಿಚ್ಚಿ ಬೇಲಿಗೆ ಒರಗಿಸಿಟ್ಟಿದ್ದ. ಅಷ್ಟು ಬೇಕಿರಲಿಲ್ಲ, ತೆರೆದರೆ ಸಾಕಿತ್ತು. ಪಾದ್ರೆ ಎಲೀಹಿಯೊ ಗಿಟಾರ್ ತರಲಿಲ್ಲ. ಸೆಲೆದೋನಿಯೊನ ಪಕ್ಕದಲ್ಲಿ ಪೆಟ್ಟಿಗೆ ಇಳಿಸಿದೆವು. ಶಿಲುಬೆಯ ಮೇಲೆ ಹೆಸರಿನ ಜಾಗದಲ್ಲಿ 'ಲಿಬ್ರಾದಾ ಮತ್ತು ಸೆಲೆದೋನಿಯೊರ ಮಗ' ಎಂದಷ್ಟೇ ಬರೆಸಿದ್ದಳು. ಈಗಲಾದರೂ ಹೆಸರಿಡಬಹುದಲ್ಲ ಎಂದು ಪಾದ್ರಿ ಕೇಳಿದ್ದರಂತೆ. ಕೂಗಿದರೆ ತಿರುಗಿ ನೋಡುವವರಿಗೆ ಹೆಸರು ಎಂದಿದ್ದಳಂತೆ.

ಎಲ್ಲರೂ ಬೀನ್ಸು, ಕೆಂಪು ಮೆಣಸಿನಕಾಯಿಯ ಸಾರು ಇದ್ದ ಕಡೆ ನಡೆದರು. ನಾನು ಹಿಂದೆ ಉಳಿದೆ. ನನ್ನ ಜೇಬಿನಲ್ಲಿ ಆ ಮೇಲಿನ ಗಿಡದ ಕಾಯಿಗಳಿದ್ದವು, ಕಾಗದದಲ್ಲಿ ಸುತ್ತಿಕೊಂಡು ತಂದಿದ್ದೆ. ಅಷ್ಟು ವರ್ಷ ಮಗುವನ್ನು ಕಾದ ಗಿಡ, ತವರಿನ ಹೂವು, ಬಿಳಿ ಬಣ್ಣ, ನೆನಪು ಎಂದು ಏನೇನೋ ಮಾತು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಅದನ್ನೆಲ್ಲ ಬಿಟ್ಟೆ. ಕಾಗದ ಬಿಚ್ಚಿ ಕಾಯಿಗಳನ್ನು ಆಕೆಯ ಕೈಗಿಟ್ಟೆ.

"ತೀಯಾ, ಇಲ್ಲೂ ಅವನ ಮೇಲೆ ಕಾರ್ಡೊ ಸಾಂತೊ ಹಾಕಲ್ವಾ?"

ಆಕೆ ಕಾಯಿಗಳನ್ನು ತಡವಿ ಅವೇನೆಂದು ತಿಳಿದುಕೊಂಡಳು. ಮತ್ತೆ ನನ್ನ ಕೈಗೇ ಹಾಕಿದಳು.

"ಯಾಕೆ? ಇಲ್ಲಿ ಬೇಲಿ ಇದೆಯಲ್ಲ."